ಹಾಲಿಲ್ಲದ ಚಹಾ: ಜಪಾನಿ ಚಹಾಕೂಟಕ್ಕೆ ಮೊದಲ ಸಲ ಹೋಗುವವರಿಗೆ

ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು. ಆಮೇಲೆ ನಮ್ಮ ಕಡೆಯವರಿಗೆ ಜಪಾನ್ ಎಂದರೆ ಪಠ್ಯಪುಸ್ತಕದ ದೇಶವಾಗಿ ಮಾತ್ರ ಉಳಿಯಲಿಲ್ಲ. ತಾಂತ್ರಿಕ ತರಬೇತಿಗೆ ಭಾರತೀಯ ಯುವಕರನ್ನು ಕರೆಸಿಕೊಳ್ಳುವ ಒಪ್ಪಂದಕ್ಕೆ ಎರಡೂ ದೇಶಗಳು 2017ರಲ್ಲಿ ಸಹಿ ಹಾಕಿದವು. ಕುಶಲ ಕೆಲಸಗಾರರನ್ನು ಕುರಿತ ಇನ್ನೊಂದು ಒಪ್ಪಂದ 2021ರಲ್ಲಿ ಬಂತು. ಈಗ ಐಟಿಐ ಮುಗಿಸಿದವರು, ನರ್ಸಿಂಗ್ ಓದಿದವರು ಜಪಾನಿ ಭಾಷೆಯ ತರಗತಿ ಎಲ್ಲಿದೆ ಎಂದು ವಿಚಾರಿಸುತ್ತಾರೆ. ಹಾಗೆ ನೋಡಿದರೆ ಈ ನಂಟು ಹೊಸದೂ ಅಲ್ಲ. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದಿದ್ದರು. ಅಲ್ಲಿನ ಕೈಗಾರಿಕೆ, ಶಿಕ್ಷಣ ಅವರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿದವು.

ಜಪಾನಿಗೆ ಹೋದವರಿಗೆ ಅಥವಾ ಜಪಾನಿಯರ ಜೊತೆ ಕೆಲಸ ಮಾಡುವವರಿಗೆ ಒಂದಲ್ಲ ಒಂದು ದಿನ ಚಹಾಕೂಟಕ್ಕೆ ಕರೆ ಬರುತ್ತದೆ. ಅಷ್ಟು ದೂರ ಹೋಗದವರಿಗೂ ಅವಕಾಶವಿದೆ. 2005ರಲ್ಲಿ ಶುರುವಾದ ಜಪಾನ್ ಹಬ್ಬ ಬೆಂಗಳೂರಿನಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ನಡೆಯುತ್ತದೆ, ಅಲ್ಲಿ ಚಹಾಕೂಟದ ಪ್ರದರ್ಶನಗಳೂ ನಡೆದಿವೆ. ಮೊದಲ ಸಲ ಕೂತವರ ಅನುಭವ ಹೆಚ್ಚುಕಡಿಮೆ ಒಂದೇ: ಏನು ತಪ್ಪಾಗುತ್ತದೋ ಎಂಬ ಅಳುಕು, ಜೋಮು ಹಿಡಿದ ಕಾಲು, ಕೊನೆಗೆ ಬಾಯಿಗೆ ಬಂದ ಹಸಿರು ಕಹಿ. ಈ ಅಳುಕಿನ ಮುಕ್ಕಾಲು ಪಾಲು ಅನಗತ್ಯ ಎನ್ನುವುದು ನನ್ನ ಅಭಿಪ್ರಾಯ. ಚಹಾ ಮಾಡುವವರು ಹತ್ತಾರು ವರ್ಷ ಕಲಿತಿರುತ್ತಾರೆ. ಕುಡಿಯುವವರು ಕಲಿಯಬೇಕಾದ್ದು ಒಂದು ಸಂಜೆಯಷ್ಟು. ಆ ಸಂಜೆಯ ಪಾಠ ಮಾತ್ರ ಕಲಿತೇ ಹೋಗಬೇಕು, ಏಕೆಂದರೆ ಇಲ್ಲಿ ಅತಿಥಿಗೂ ಕೆಲಸವಿದೆ. ಸುಮ್ಮನೆ ಕೂತು ನೋಡಿ ಬರುವ ನಾಟಕವಲ್ಲ ಇದು.

ಯಾವುದಕ್ಕೆ ಕರೆದಿದ್ದಾರೆ, ಮೊದಲು ತಿಳಿದುಕೊಳ್ಳಿ

ಚಹಾಕೂಟ ಎಂದರೆ ಎಲ್ಲ ಒಂದೇ ಅಲ್ಲ. ಪೂರ್ಣ ಪ್ರಮಾಣದ್ದಕ್ಕೆ ಚಾಜಿ ಎನ್ನುತ್ತಾರೆ. ಊಟ, ಸಿಹಿ, ನಡುವೆ ವಿರಾಮ, ಆಮೇಲೆ ಗಟ್ಟಿ ಚಹಾ, ಕೊನೆಗೆ ತೆಳು ಚಹಾ, ಎಲ್ಲ ಸೇರಿ ಸುಮಾರು ನಾಲ್ಕು ಗಂಟೆ. ಹೊಸಬರನ್ನು ಇದಕ್ಕೆ ಸಾಮಾನ್ಯವಾಗಿ ಕರೆಯುವುದಿಲ್ಲ. ಚಕಾಯ್ ಎನ್ನುವುದು ಚಿಕ್ಕದು: ಒಂದು ಸಿಹಿ, ಒಂದು ಬಟ್ಟಲು ತೆಳು ಚಹಾ, ಗಂಟೆಯೊಳಗೆ ಮುಗಿಯುತ್ತದೆ. ಹಬ್ಬಗಳಲ್ಲಿ, ಪ್ರವಾಸಿ ತಾಣಗಳಲ್ಲಿ ನಡೆಯುವ ಪ್ರದರ್ಶನ ಇದಕ್ಕಿಂತಲೂ ಚಿಕ್ಕದು. ಈ ಲೇಖನ ಹೆಚ್ಚಾಗಿ ಚಕಾಯ್‌ಗೆ ಹೋಗುವವರಿಗಾಗಿ.

ಕುಡಿಯುವ ಪುಡಿ ಮಚ್ಚಾ. ಕೊಯ್ಲಿಗೆ ಕೆಲವು ವಾರ ಮೊದಲು ಗಿಡಗಳಿಗೆ ನೆರಳು ಕಟ್ಟಿ, ಚಿಗುರನ್ನು ಹಬೆಯಲ್ಲಿ ಬೇಯಿಸಿ ಒಣಗಿಸಿ, ನಾರು ತೆಗೆದು ಬೀಸುವ ಕಲ್ಲಿನಲ್ಲಿ ಬೀಸಿದ್ದು. ನಾವು ಮಾಡುವಂತೆ ಚಹಾ ಕುದಿಸಿ ಸೋಸುವುದಿಲ್ಲ. ಎಲೆಯನ್ನೇ ನೀರಿನಲ್ಲಿ ಕದಡಿ ಕುಡಿಯುತ್ತಾರೆ. ಚೀನಾದಿಂದ ಈ ಪದ್ಧತಿಯನ್ನು ಜಪಾನಿಗೆ ತಂದು ನೆಲೆಗೊಳಿಸಿದವನು ಐಸಾಯ್ ಎಂಬ ಬೌದ್ಧ ಭಿಕ್ಷು, 12ನೇ ಶತಮಾನದ ಕೊನೆಯಲ್ಲಿ. ಇಂದು ನಾವು ನೋಡುವ ರೂಪ ಕೊಟ್ಟವನು 16ನೇ ಶತಮಾನದ ಸೆನ್ ನೊ ರಿಕ್ಯೂ. ಅವನ ವಂಶದಿಂದ ಕ್ಯೋಟೊದಲ್ಲಿ ಮೂರು ಮನೆತನಗಳು ಬೆಳೆದವು: ಒಮೊತೆಸೆಂಕೆ, ಉರಾಸೆಂಕೆ, ಮುಶಕೋಜಿಸೆಂಕೆ. ಸಣ್ಣಪುಟ್ಟ ವಿಷಯಗಳಲ್ಲಿ ಇವರ ಕ್ರಮ ಬೇರೆಬೇರೆ. ಉದಾಹರಣೆಗೆ, ಉರಾಸೆಂಕೆಯವರು ಚಹಾದ ಮೇಲೆ ತುಂಬ ನೊರೆ ಬರಿಸುತ್ತಾರೆ, ಒಮೊತೆಸೆಂಕೆಯವರು ಕಡಿಮೆ. ಹಾಗಾಗಿ ಇಲ್ಲಿ ಬರೆದದ್ದಕ್ಕೂ ನೀವು ಕಂಡದ್ದಕ್ಕೂ ಸ್ವಲ್ಪ ವ್ಯತ್ಯಾಸ ಬಂದರೆ ಗಾಬರಿ ಬೇಡ.

ಹೊರಡುವ ಮೊದಲು

ಬರಿ ಹೊಟ್ಟೆಯಲ್ಲಿ ಹೋಗಬೇಡಿ. ಮಚ್ಚಾ ಖಾಲಿ ಹೊಟ್ಟೆಗೆ ಬಿದ್ದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಬೆಳಗಿನ ಕಾರ್ಯಕ್ರಮಕ್ಕೆ ಮುಳಬಾಗಿಲಿನಿಂದ ಹೊರಡುವವರು ದೋಸೆ ತಿಂದೇ ಬಸ್ಸು ಹತ್ತುವುದು ಒಳ್ಳೆಯದು, ಆದರೆ ತುಪ್ಪ ಸುರಿದ ಎರಡನೆಯದನ್ನು ಬಿಟ್ಟುಬಿಡಿ. ಮಂಡಿಯೂರಿ ಕೂರಬೇಕಿದೆ.

ಗಡಿಯಾರ, ಉಂಗುರ, ಬ್ರೇಸ್‌ಲೆಟ್ ತೆಗೆದಿಡಿ. ಶಾಸ್ತ್ರಕ್ಕಾಗಿ ಅಲ್ಲ, ಬಟ್ಟಲಿಗೆ ಗೀರು ಬೀಳಬಾರದೆಂದು. ನೀವು ಕೈಗೆತ್ತಿಕೊಳ್ಳುವ ಬಟ್ಟಲು ನೂರಾರು ವರ್ಷ ಹಳೆಯದೂ ಆಗಿರಬಹುದು. ಕೈತುಂಬ ಬಳೆ ತೊಡುವವರು ಅವನ್ನು ಮೇಲಕ್ಕೆ ಸರಿಸಿಕೊಂಡರೂ ನಡೆಯುತ್ತದೆ. ಸೆಂಟ್ ಬೇಡ. ಕೋಣೆಯಲ್ಲಿ ಇದ್ದಿಲಿನ ಜೊತೆ ಹಾಕಿದ ಧೂಪದ ಮೆಲುವಾಸನೆ ಇರುತ್ತದೆ, ಚಹಾದ ವಾಸನೆ ಇರುತ್ತದೆ, ಅವುಗಳ ಮೇಲೆ ಇನ್ನೊಂದು ಬೀಳಬಾರದು. ಅದೇ ಕಾರಣಕ್ಕೆ ಅವತ್ತು ಮುಡಿಗೆ ಮಲ್ಲಿಗೆ ಬೇಡ. ಹೂವಿಲ್ಲದೆ ಹೋಗಲು ಮನಸ್ಸಿಲ್ಲದವರಿಗೆ ವಾಸನೆಯಿಲ್ಲದ ಕನಕಾಂಬರ ಇದ್ದೇ ಇದೆ!

ಒಗೆದ ಬಿಳಿ ಕಾಲುಚೀಲ ಒಂದು ಜೊತೆ ಚೀಲದಲ್ಲಿರಲಿ, ಬಾಗಿಲಲ್ಲಿ ಹಾಕಿಕೊಳ್ಳಿ. ಚಾಪೆಯ ಮೇಲೆ ಬರಿಗಾಲಿನಲ್ಲಿ ನಡೆಯುವುದನ್ನು ಅವರು ಒಪ್ಪುವುದಿಲ್ಲ. ಕಿಮೊನೊ ಕಡ್ಡಾಯವಲ್ಲ. ಸೀರೆ, ಸಡಿಲವಾದ ಚೂಡಿದಾರ್, ಸಾಮಾನ್ಯ ಪ್ಯಾಂಟು ಎಲ್ಲ ಆದೀತು. ಬಿಗಿಯಾದ ಜೀನ್ಸ್ ಮಾತ್ರ ಹಾಕಿಕೊಳ್ಳಬೇಡಿ, ಅನುಭವಿಸುವವರು ನೀವೇ. ಸಿಹಿ ಇಟ್ಟುಕೊಳ್ಳಲು ಕಾಯ್ಶಿ ಎಂಬ ಮಡಿಸಿದ ಬಿಳಿ ಕಾಗದದ ಕಟ್ಟು, ಅದನ್ನು ಕತ್ತರಿಸಲು ಮರದ ಚಿಕ್ಕ ಕಡ್ಡಿ, ಒಂದು ಮಡಿಸುವ ಬೀಸಣಿಗೆ, ಇವು ಅತಿಥಿಯ ಸಾಮಾನು. ಹೊಸಬರಿಗೆ ಅಲ್ಲಿಯೇ ಕೊಡುತ್ತಾರೆ. ಬೀಸಣಿಗೆ ಗಾಳಿ ಹಾಕಿಕೊಳ್ಳುವುದಕ್ಕಲ್ಲ, ವಂದಿಸುವಾಗ ಮುಂದೆ ಇಟ್ಟುಕೊಳ್ಳುವುದಕ್ಕೆ.

ಎಲ್ಲಿ ಕೂರಬೇಕು

ಇಡೀ ಲೇಖನದಲ್ಲಿ ಒಂದೇ ಸಲಹೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮೊದಲ ಜಾಗದಲ್ಲಿ ಕೂರಬೇಡಿ, ಕೊನೆಯ ಜಾಗದಲ್ಲೂ ಬೇಡ.

ಮೊದಲು ಕೂರುವವರು ಮುಖ್ಯ ಅತಿಥಿ, ಅಂದರೆ ಶೋಕ್ಯಾಕು. ಎಲ್ಲರ ಪರವಾಗಿ ಆತಿಥೇಯರ ಜೊತೆ ಮಾತನಾಡುವುದು ಅವರು. ಗೋಡೆಯ ಗೂಡಿನಲ್ಲಿ ತೂಗುಬಿಟ್ಟ ಬರಹ ಯಾರದು, ಬಟ್ಟಲು ಎಲ್ಲಿಯದು, ಚಹಾಪುಡಿಯ ಹೆಸರೇನು ಎಂದು ಕೇಳುವುದು ಅವರ ಪಾಲಿನ ಕೆಲಸ. ಕೊನೆಯವರಿಗೆ ಖಾಲಿ ತಟ್ಟೆಗಳನ್ನು, ನೋಡಿ ಮುಗಿದ ಪಾತ್ರೆಗಳನ್ನು ಒಪ್ಪಿಸುವ ಜವಾಬ್ದಾರಿ. ನಮ್ಮಲ್ಲಿ ಹೊಸಬರು ಸಂಕೋಚದಿಂದ ಹಿಂದೆ ಹೋಗಿ ಕೂರುವ ಅಭ್ಯಾಸವಿದೆ, ಇಲ್ಲಿ ಅದೇ ತೊಡಕಾಗುತ್ತದೆ. ನಡುವೆ ಕೂತರೆ ಮುಂದಿನವರನ್ನು ನೋಡಿ ಹಾಗೆಯೇ ಮಾಡಿದರಾಯಿತು. ಅದಕ್ಕೆ ಯಾರೂ ನಗುವುದಿಲ್ಲ, ಜಪಾನಿನಲ್ಲೂ ಕಲಿಯುವವರು ಹೀಗೆಯೇ ಕಲಿಯುತ್ತಾರೆ.

ಚಾಪೆಗಳ ಬಟ್ಟೆಯ ಅಂಚನ್ನು ತುಳಿಯಬಾರದು. ನಿಜವಾದ ಚಹಾಮನೆಯಾದರೆ ಒಳಗೆ ಹೋಗುವ ಬಾಗಿಲು ಅಗಲ ಎತ್ತರ ಎರಡರಲ್ಲೂ ಎರಡು ಅಡಿಯ ಆಸುಪಾಸು, ಮಂಡಿಯ ಮೇಲೆ ತೆವಳಿ ಹೋಗಬೇಕು. ಹಿಂದೆ ಸಮುರಾಯ್ ಕೂಡ ಕತ್ತಿಯನ್ನು ಹೊರಗಿಟ್ಟು ಹಾಗೆಯೇ ಒಳಗೆ ಹೋಗಬೇಕಿತ್ತು. ಬೆಂಗಳೂರಿನ ಸಭಾಂಗಣಗಳಲ್ಲಿ ಈ ಕಷ್ಟವಿಲ್ಲ.

ಕಷ್ಟ ಇರುವುದು ಕೂರುವುದರಲ್ಲಿ. ಸೇಜಾ ಎಂದರೆ ಎರಡೂ ಕಾಲು ಹಿಂದಕ್ಕೆ ಮಡಚಿ ಹಿಮ್ಮಡಿಯ ಮೇಲೆ ಕೂರುವುದು, ವಜ್ರಾಸನ ಬಲ್ಲವರಿಗೆ ಪರಿಚಿತ ಭಂಗಿ. ಹತ್ತು ನಿಮಿಷಕ್ಕೆ ಜೋಮು ಹಿಡಿಯುತ್ತದೆ. ಕಾಲ್ಬೆರಳುಗಳನ್ನು ಆಗಾಗ ಅದಲುಬದಲು ಮಾಡಿ, ಭಾರವನ್ನು ಸ್ವಲ್ಪ ಮುಂದಕ್ಕೆ ತನ್ನಿ. ಆಗದಿದ್ದರೆ ಕೇಳಿ ಚಕ್ಕಳಮಕ್ಕಳ ಹಾಕಿ, ಹೊಸಬರಿಗೆ ಅವರೇ ಹೇಳುವುದೂ ಉಂಟು. ಎದ್ದೇಳುವಾಗ ಮಾತ್ರ ಎಚ್ಚರ. ಮರಗಟ್ಟಿದ ಕಾಲಿನಲ್ಲಿ ತಟ್ಟನೆ ಎದ್ದರೆ ಬೀಳುವುದು ಖಚಿತ. ಮಂಡಿನೋವಿನ ಹಿರಿಯರು ಮೊದಲೇ ವ್ಯವಸ್ಥಾಪಕರಿಗೆ ತಿಳಿಸಬೇಕು. ಮೇಜು ಮತ್ತು ಸ್ಟೂಲಿನ ಮೇಲೆ ನಡೆಯುವ ರ್‍ಯೂರೇ ಎಂಬ ಕ್ರಮವೇ ಇದೆ. 1872ರಲ್ಲಿ ಕ್ಯೋಟೊದ ವಸ್ತುಪ್ರದರ್ಶನಕ್ಕೆ ಬರುವ ವಿದೇಶಿಯರಿಗಾಗಿ ಉರಾಸೆಂಕೆಯ 11ನೇ ಮುಖ್ಯಸ್ಥ ಗೆಂಗೆನ್ಸಾಯ್ ರೂಪಿಸಿದ್ದು ಅದು. ಹಾಗಾಗಿ ಕುರ್ಚಿ ಕೇಳುವುದು ಅಪಚಾರವಲ್ಲ, ಅದಕ್ಕೂ ನೂರೈವತ್ತು ವರ್ಷದ ಸಂಪ್ರದಾಯವಿದೆ.

ಸಿಹಿ ಮೊದಲು, ಚಹಾ ಆಮೇಲೆ

ನಮ್ಮವರು ತಡವರಿಸುವ ಜಾಗ ಇದು. ಸಿಹಿಯನ್ನು ಚಹಾದ ಜೊತೆಗೆಂದು ಉಳಿಸಿಕೊಳ್ಳಬೇಡಿ. ಆತಿಥೇಯರು ತೆಗೆದುಕೊಳ್ಳಿ ಎಂದಾಗ ಪಕ್ಕದವರಿಗೆ ಸ್ವಲ್ಪ ತಲೆಬಾಗಿ ‘ಒಸಾಕಿ ನಿ’, ಅಂದರೆ ನಿಮಗಿಂತ ಮೊದಲು ತೆಗೆದುಕೊಳ್ಳುತ್ತಿದ್ದೇನೆ, ಎಂದು ಹೇಳಿ ಒಂದನ್ನು ನಿಮ್ಮ ಕಾಗದಕ್ಕೆ ಹಾಕಿಕೊಳ್ಳಿ. ಚಹಾ ಕೈಗೆ ಬರುವುದರೊಳಗೆ ತಿಂದು ಮುಗಿಸಿರಬೇಕು. ಬಾಯಲ್ಲಿ ಉಳಿದ ಸಿಹಿಯ ಮೇಲೆ ಕಹಿ ಬೀಳಲಿ ಎಂಬುದೇ ಲೆಕ್ಕಾಚಾರ. ಚಹಾಕ್ಕೆ ಸಕ್ಕರೆಯಿಲ್ಲ, ಹಾಲಂತೂ ಇಲ್ಲವೇ ಇಲ್ಲ.

ಸಸ್ಯಾಹಾರಿಗಳಿಗೆ ಸಮಾಧಾನದ ಸುದ್ದಿ: ಈ ಸಿಹಿಗಳು ಬಹುಪಾಲು ಕಾಳು, ಅಕ್ಕಿಹಿಟ್ಟು, ಸಕ್ಕರೆಯವು. ಒಳಗಿನ ಅಜುಕಿ ಕಾಳಿನ ಸಿಹಿ ಮುದ್ದೆ ನಮ್ಮ ಒಬ್ಬಟ್ಟಿನ ಹೂರಣದಂತೆ, ಏಲಕ್ಕಿ ಬಿಟ್ಟರೆ. ಜೆಲ್ಲಿಯಂಥವು ಕಡಲಪಾಚಿಯ ಅಗರ್‌ನಿಂದ ಮಾಡಿದವು. ಆದರೆ ದೊರಾಯಾಕಿ, ಕಸುತೆರದಂಥ ಬೇಯಿಸಿದ ಸಿಹಿಗಳಲ್ಲಿ ಮೊಟ್ಟೆ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ಊಟವೂ ಇರುವ ಚಾಜಿಗೆ ಕರೆದರೆ ಇನ್ನೂ ಮೊದಲೇ ತಿಳಿಸಬೇಕು. ನೋಡಲು ಬರಿ ತರಕಾರಿ ಸಾರಿನಂತೆ ಕಂಡರೂ ಅದರ ತಳ ಸಾಮಾನ್ಯವಾಗಿ ಮೀನಿನ ಕಟ್ಟು.

ಬಟ್ಟಲು ಕೈಗೆ ಬಂದಾಗ

ಬಟ್ಟಲನ್ನು ಅದರ ಚೆಂದದ ಮುಖ ನಿಮ್ಮ ಕಡೆ ಇರುವಂತೆ ಇಡುತ್ತಾರೆ. ಪಕ್ಕದವರಿಗೆ ‘ಒಸಾಕಿ ನಿ’, ಆತಿಥೇಯರಿಗೆ ‘ಒತೆಮಾಎ ಚೋದಾಯ್ ಇತಾಶಿಮಾಸ್’. ಇಷ್ಟು ಉದ್ದದ್ದು ನಾಲಿಗೆಗೆ ಹೊರಳದಿದ್ದರೆ ಕೈಗಳನ್ನು ನೆಲಕ್ಕೂರಿ ತಲೆಬಾಗಿದರೂ ಸಾಕು. ಬಲಗೈಯಿಂದ ಎತ್ತಿ ಎಡ ಅಂಗೈ ಮೇಲೆ ಇಟ್ಟುಕೊಳ್ಳಿ, ಬಲಗೈ ಬದಿಗೆ ಆಸರೆ. ಎಡಗೈಯಲ್ಲಿ ಹಿಡಿಯುವುದಕ್ಕೆ ನಮ್ಮ ಹಿರಿಯರು ಹಿಂಜರಿಯುತ್ತಾರೆ, ಇಲ್ಲಿ ಅದೇ ಕ್ರಮ. ಬಟ್ಟಲನ್ನು ಚೂರು ಮೇಲೆತ್ತಿ ವಂದಿಸಿ, ಗಡಿಯಾರದ ದಿಕ್ಕಿನಲ್ಲಿ ಎರಡು ಸಲ ಸ್ವಲ್ಪಸ್ವಲ್ಪ ತಿರುಗಿಸಿ. ಬಟ್ಟಲಿನ ಮುಖಕ್ಕೆ ಬಾಯಿ ಹಚ್ಚಬಾರದೆಂಬ ಮರ್ಯಾದೆ ಅದು.

ಮೂರು ನಾಲ್ಕು ಗುಟುಕಿಗೆ ಮುಗಿಯುತ್ತದೆ. ಕೊನೆಯ ಗುಟುಕನ್ನು ಸೊರ್ ಎಂದು ಸದ್ದು ಬರುವಂತೆ ಹೀರಿ, ಮುಗಿಯಿತು ಎಂದು ಆತಿಥೇಯರಿಗೆ ತಿಳಿಯುವುದು ಅದರಿಂದ. ನಮ್ಮ ಟೀ ಅಂಗಡಿಗಳಲ್ಲಿ ಪಳಗಿದವರಿಗೆ ಇದೊಂದು ಕಷ್ಟವಾಗದು. ತುಟಿ ತಾಗಿದ ಜಾಗವನ್ನು ಬೆರಳಿನಿಂದ ಒರೆಸಿ, ಬೆರಳನ್ನು ಕಾಗದಕ್ಕೆ ಒರೆಸಿಕೊಂಡು, ಬಟ್ಟಲನ್ನು ಹಿಂದಕ್ಕೆ ತಿರುಗಿಸಿ ಕೆಳಗಿಡಿ. ಆಮೇಲೆ ಬಟ್ಟಲನ್ನು ನೋಡುವುದಿದೆ. ಎತ್ತರಕ್ಕೆ ಎತ್ತಬೇಡಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿಕೊಂಡು ನೆಲಕ್ಕೆ ಹತ್ತಿರವೇ ಹಿಡಿದು ನೋಡಿ. ಜಾರಿದರೂ ಒಡೆಯುವುದಿಲ್ಲ.

ಇನ್ನು ಎಂಜಲಿನ ಪ್ರಶ್ನೆ. ತೆಳು ಚಹಾ ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು, ತಕರಾರಿಲ್ಲ. ಗಟ್ಟಿ ಚಹಾ ಮಾತ್ರ ಒಂದೇ ಬಟ್ಟಲಿನಿಂದ ಹಲವರು, ಅಂಚು ಒರೆಸಿ ಒರೆಸಿ, ಸರದಿಯಲ್ಲಿ ಕುಡಿಯುವಂಥದ್ದು. ನಮ್ಮ ಮನೆಗಳಲ್ಲಿ ಬೆಳೆದವರಿಗೆ ಇದು ಗಂಟಲಿಗೆ ಇಳಿಯುವುದು ಕಷ್ಟ. ಆ ಕಷ್ಟ ಜಪಾನಿಯರಿಗೂ ಗೊತ್ತಿದೆ. ಬೇರೆಬೇರೆ ಬಟ್ಟಲಿನಲ್ಲಿ ಗಟ್ಟಿ ಚಹಾ ಕೊಡುವ ಕ್ರಮ ನೂರು ವರ್ಷಗಳ ಹಿಂದೆಯೇ ಬಂದಿತ್ತು, ಕೊರೊನಾ ಕಾಲದಲ್ಲಿ ಅದು ಮತ್ತೆ ಬಳಕೆಗೆ ಬಂತು. ಒಲ್ಲದವರು ಮೊದಲೇ ಹೇಳಿದರೆ ಯಾರೂ ನೊಂದುಕೊಳ್ಳುವುದಿಲ್ಲ. ಸರದಿ ಬಂದಾಗ ಮುಖ ಕಿವುಚುವುದು ಅದಕ್ಕಿಂತ ಕೆಟ್ಟದ್ದು.

ಹೆಂಚಿನವನ ಬಟ್ಟಲು

ಮಾಲೂರಿನವರಿಗೆ ಇಲ್ಲಿ ಒಂದು ಸಂಗತಿ ಹೇಳಲೇಬೇಕು. ರಿಕ್ಯೂಗಿಂತ ಮೊದಲು ಚಹಾಕೂಟದಲ್ಲಿ ಬೆಲೆ ಇದ್ದದ್ದು ಚೀನಾದಿಂದ ಬಂದ ನುಣುಪಾದ ದುಬಾರಿ ಬಟ್ಟಲುಗಳಿಗೆ. ಅವನು ಅವನ್ನು ಬದಿಗಿಟ್ಟು ಕ್ಯೋಟೊದ ಚೋಜಿರೋ ಎಂಬಾತನಿಂದ ಬಟ್ಟಲು ಮಾಡಿಸಿದ. ಈ ಚೋಜಿರೋ ಕಸುಬಿನಲ್ಲಿ ಹೆಂಚಿನವನು. 1574ರಲ್ಲಿ ಅವನು ಮಾಡಿದ, ಸೂರಿನ ಮೇಲಿಡುವ ಮಣ್ಣಿನ ಸಿಂಹವೊಂದು ಇನ್ನೂ ಉಳಿದಿದೆ. ತಿಗರಿಯಿಲ್ಲದೆ ಬರಿ ಕೈಯಲ್ಲಿ ತಿದ್ದಿ, ಕೆಂಪಗೆ ಕಾದಿರುವಾಗಲೇ ಇಕ್ಕಳದಿಂದ ಗೂಡಿನ ಹೊರಗೆ ತೆಗೆದು ಆರಿಸಿದ ಆ ಕಪ್ಪು ಬಟ್ಟಲುಗಳೇ ರಾಕು. ಅವನ ಪರಂಪರೆಯ ಮನೆತನ ಕ್ಯೋಟೊದಲ್ಲಿ ಈಗಲೂ ಅದೇ ಕೆಲಸ ಮಾಡುತ್ತಿದೆ. ಹೆಂಚು, ಇಟ್ಟಿಗೆ ಸುಟ್ಟೇ ಹೆಸರಾದ ಊರಿನ ಮಂದಿ, ಬೆಂಗಳೂರಿನ ಅಂಗಡಿಯಲ್ಲಿ ಅಂಥದೊಂದು ಬಟ್ಟಲಿನ ಬೆಲೆ ಕೇಳಿ ಬೆರಗಾಗುವಾಗ ಇದನ್ನು ನೆನೆಯಬಹುದು.

ನಮ್ಮ ಜಿಲ್ಲೆಯನ್ನು ಚಿನ್ನ, ರೇಷ್ಮೆ, ಹಾಲಿನ ನಾಡು ಎನ್ನುತ್ತಾರಲ್ಲ, ರಿಕ್ಯೂನ ಕೋಣೆಯಲ್ಲಿ ಆ ಮೂರರಲ್ಲಿ ಜಾಗ ಸಿಕ್ಕಿದ್ದು ರೇಷ್ಮೆಗೆ. ಚಹಾದ ಡಬ್ಬಿಯನ್ನೂ ಬಿದಿರಿನ ಚಮಚವನ್ನೂ ಒರೆಸುವ ಚೌಕ, ಫುಕುಸ, ರೇಷ್ಮೆಯದು. ಚಿನ್ನವನ್ನು ಒಳಗೆ ತರಲು ಹೊರಟವನು ಅವನ ಒಡೆಯ, ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೋಶಿ. ಬಿಚ್ಚಿ ಜೋಡಿಸಬಹುದಾದ, ಗೋಡೆಗಳಿಗೆಲ್ಲ ಚಿನ್ನದ ತಗಡು ಹೊದಿಸಿದ ಚಹಾಕೋಣೆಯನ್ನು ಅವನು 1586ರಲ್ಲಿ ಅರಮನೆಗೆ ಒಯ್ದು ಚಕ್ರವರ್ತಿಗೆ ಚಹಾ ಕೊಟ್ಟ. ರಿಕ್ಯೂನದೆಂದು ಹೇಳಲಾಗುವ, ಇಂದಿಗೂ ನಿಂತಿರುವ ತಾಯ್ಆನ್ ಎಂಬ ಚಹಾಮನೆಯ ಒಳಗೆ ಇರುವುದು ಎರಡೇ ಚಾಪೆಯಷ್ಟು ಜಾಗ, ಮಣ್ಣಿನ ಗೋಡೆ. 1591ರಲ್ಲಿ ಹಿದೆಯೋಶಿ ರಿಕ್ಯೂಗೆ ಆತ್ಮಹತ್ಯೆ ಮಾಡಿಕೊಳ್ಳಲು ಆಜ್ಞಾಪಿಸಿದ. ಕಾರಣವೇನೆಂದು ಇತಿಹಾಸಕಾರರು ಇನ್ನೂ ವಾದಿಸುತ್ತಿದ್ದಾರೆ.

ಮನೆಯಲ್ಲೇ ಒಂದು ಬಟ್ಟಲು

ಪೂರ್ತಿ ವಿಧಿ ಮನೆಯಲ್ಲಿ ಬೇಡ, ರುಚಿಯ ಪರಿಚಯ ಮಾಡಿಕೊಂಡು ಹೋದರೆ ಮೊದಲ ದಿನ ಮುಖ ಹುಳ್ಳಗಾಗುವುದಿಲ್ಲ. ಪುಡಿ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಡಬ್ಬಿಯ ಮೇಲಿನ ‘ಸೆರಿಮೋನಿಯಲ್ ಗ್ರೇಡ್’ ಎಂಬ ಮಾತಿಗೆ ಕಾನೂನಿನ ವ್ಯಾಖ್ಯೆ ಏನೂ ಇಲ್ಲ, ಅದನ್ನು ನಂಬಿ ದುಡ್ಡು ಸುರಿಯಬೇಡಿ. ಹೊಳೆಯುವ ಹಸಿರು ಇದ್ದರೆ ಒಳ್ಳೆಯದು, ಹಳದಿಗೆ ಅಥವಾ ಕಂದಿಗೆ ತಿರುಗಿದ್ದು ಹಳತು. ಚಿಕ್ಕ ಡಬ್ಬಿ ಕೊಂಡು, ಒಡೆದ ಮೇಲೆ ಫ್ರಿಜ್ಜಿನಲ್ಲಿಟ್ಟು, ಒಂದೆರಡು ತಿಂಗಳಲ್ಲಿ ಮುಗಿಸಿ.

ನಮ್ಮ ಕಡೆಯ ದೊಡ್ಡ ಸಮಸ್ಯೆ ನೀರು. ಕೊಳವೆಬಾವಿಯ ಗಡಸು ನೀರಿನಲ್ಲಿ ಮಚ್ಚಾದ ಬಣ್ಣ ಮಂಕಾಗುತ್ತದೆ, ರುಚಿ ಸತ್ತುಹೋಗುತ್ತದೆ. ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಗೊತ್ತೇ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಚಹಾ ಗಿಡವೂ ಮಣ್ಣಿನಿಂದ ಫ್ಲೋರೈಡನ್ನು ಎಲೆಗೆ ಎಳೆದುಕೊಳ್ಳುವ ಜಾತಿ, ಮಚ್ಚಾದಲ್ಲಿ ನಾವು ನುಂಗುವುದು ಎಲೆಯನ್ನೇ. ಆದ್ದರಿಂದ ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ, ದಿನಕ್ಕೆ ಒಂದು ಬಟ್ಟಲಿಗೆ ನಿಲ್ಲಿಸಿ. ರಕ್ತಹೀನತೆ ಇರುವವರು ಊಟದ ಜೊತೆಗೆ ಕುಡಿಯಬಾರದು, ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ.

ಸುಮಾರು ಎರಡು ಗ್ರಾಂ ಪುಡಿ, ಅಂದರೆ ಒಂದು ಸಣ್ಣ ಚಮಚ, ಜರಡಿ ಹಿಡಿದು ಬಟ್ಟಲಿಗೆ ಹಾಕಿ. ನೀರು 60ರಿಂದ 70 ಮಿ.ಲೀ., ಶಾಖ 80 ಡಿಗ್ರಿಯ ಹತ್ತಿರ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುದಿದದ್ದನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಎರಡು ಸಲ ಬಗ್ಗಿಸಿದರೆ ಹದಕ್ಕೆ ಬರುತ್ತದೆ. ಕಡೆಯುವ ಚಾಸೆನ್ ಒಂದೇ ಬಿದಿರಿನ ತುಂಡನ್ನು ಹತ್ತಾರು ಎಳೆಗಳಾಗಿ ಸೀಳಿ ಮಾಡಿದ ಕುಂಚ. ಬಳಸುವ ಮೊದಲು ಬಿಸಿನೀರಿನಲ್ಲಿ ನೆನೆಸಿ, ತೊಳೆಯುವಾಗ ಸೋಪು ಮುಟ್ಟಿಸಬೇಡಿ. ಬಟ್ಟಲಿನಲ್ಲಿ ಅದನ್ನು ಗುಂಡಗೆ ತಿರುಗಿಸದೆ ಮಣಿಕಟ್ಟಿನಿಂದ ಹಿಂದೆ ಮುಂದೆ ಬೇಗಬೇಗ ಆಡಿಸಿ, ಕಾಲು ನಿಮಿಷದಲ್ಲಿ ನೊರೆ ಏಳುತ್ತದೆ. ಬಟ್ಟಲು ಅಗಲ ಬಾಯಿಯ ಪಿಂಗಾಣಿಯದಾಗಿರಲಿ. ಸ್ಟೀಲು ಕೈ ಸುಡುತ್ತದೆ, ಸಂತೆಯ ಬಣ್ಣದ ಅಲಂಕಾರಿಕ ಮಡಕೆಗಳ ಹೊಳಪಿನಲ್ಲಿ ಸೀಸವಿರಬಹುದು.

ಸಿಹಿಗೆ ಜಪಾನಿನಿಂದ ಡಬ್ಬ ತರಿಸುವುದು ಬೇಡ. ರಿಕ್ಯೂನ ಕಾಲದಲ್ಲಿ ಚಹಾಕ್ಕೆ ಮೊದಲು ಕೊಡುತ್ತಿದ್ದದ್ದು ಒಣಗಿಸಿದ ಹಣ್ಣು, ಚೆಸ್ಟ್‌ನಟ್ ಇಂಥವೇ. ಆಯಾ ಋತುವಿನದು ಆಯಾ ಋತುವಿನಲ್ಲಿ, ಅಷ್ಟೇ ನಿಯಮ. ಮೇ ತಿಂಗಳಾದರೆ ಶ್ರೀನಿವಾಸಪುರದ ಬಾದಾಮಿ ಮಾವಿನ ಎರಡು ಹೋಳು ಸಾಕು. ತೋತಾಪುರಿಯ ಹುಳಿ ಮಾತ್ರ ಇದಕ್ಕೆ ಹೊಂದುವುದಿಲ್ಲ.

ಹೋಗುವುದಾದರೆ ಎಲ್ಲಿಗೆ

ಬೆಂಗಳೂರಿನ ಜಪಾನ್ ಹಬ್ಬ, ಅಲ್ಲಿನ ಜಪಾನ್ ಕಾನ್ಸುಲೇಟ್ ಜನರಲ್ ಕಚೇರಿಯ ಸಾಂಸ್ಕೃತಿಕ ಕಾರ್ಯಕ್ರಮಗಳ ಪ್ರಕಟಣೆ, ಜಪಾನಿ ಭಾಷೆ ಕಲಿಸುವ ಸಂಸ್ಥೆಗಳು, ಈ ಮೂರರ ಮೇಲೆ ಕಣ್ಣಿಟ್ಟರೆ ಅವಕಾಶ ಸಿಗುತ್ತದೆ. ಜಾಗ ಕಡಿಮೆ ಇರುವುದರಿಂದ ಹೆಸರು ಮೊದಲೇ ನೋಂದಾಯಿಸಬೇಕಾಗುತ್ತದೆ. ತಡವಾಗಿ ಹೋದರೆ ನಡುವೆ ಒಳಗೆ ಬಿಡುವುದಿಲ್ಲ, ಹಾಗಾಗಿ ಕೋಲಾರದ 70 ಕಿಲೋಮೀಟರ್ ದಾರಿಗೆ ಹೊಸಕೋಟೆ, ಕೆ.ಆರ್. ಪುರದ ಟ್ರಾಫಿಕ್ಕನ್ನೂ ಸೇರಿಸಿಕೊಂಡು ಹೊರಡಿ. ಮಾಲೂರಿನವರಿಗೆ ರೈಲೇ ವಾಸಿ. ಜಪಾನಿಗೇ ಹೋದವರು ಬಾಡಿಗೆ ಕಿಮೊನೊ ಉಡಿಸಿ, ಫೋಟೊ ತೆಗೆದು, ಅರ್ಧ ಗಂಟೆಯಲ್ಲಿ ಕಳಿಸುವ ಜಾಗಗಳಿಗೆ ದುಡ್ಡು ಹಾಕುವ ಬದಲು ಊರಿನ ಸಮುದಾಯ ಭವನದ ಚಹಾ ತರಗತಿಯನ್ನೋ, ದೇವಾಲಯಗಳಲ್ಲಿ ನಡೆಯುವ ಸಾರ್ವಜನಿಕ ಚಕಾಯ್‌ಗಳನ್ನೋ ವಿಚಾರಿಸಿ. ಫೋನು ಮೌನವಾಗಿರಲಿ, ಫೋಟೊಕ್ಕೆ ಅನುಮತಿ ಕೇಳಿ.

ಕೊನೆಯದಾಗಿ ಜಿಲ್ಲೆಯ ಕಾಲೇಜುಗಳಿಗೂ ನರಸಾಪುರ, ಮಾಲೂರು ಕೈಗಾರಿಕಾ ಪ್ರದೇಶಗಳ ಕಂಪನಿಗಳಿಗೂ ಒಂದು ಕೋರಿಕೆ. ಜಪಾನಿಗೆ ಹೊರಡುವ ನಮ್ಮ ಹುಡುಗರಿಗೆ ಭಾಷೆ ಕಲಿಸುತ್ತೀರಿ, ಯಂತ್ರ ಕಲಿಸುತ್ತೀರಿ. ವರ್ಷಕ್ಕೊಂದು ಸಲ ಒಂದು ಚಹಾಕೂಟವನ್ನೂ ಏರ್ಪಡಿಸಿ. ಮೇಜಿನ ಮೇಲೆ ಮಾಡುವ ರ್‍ಯೂರೇ ಕ್ರಮಕ್ಕೆ ಚಾಪೆ ಹಾಸಬೇಕಿಲ್ಲ, ಚಹಾಮನೆ ಕಟ್ಟಬೇಕಿಲ್ಲ. ಕಲಿತವರೊಬ್ಬರು, ಕೆಲವು ಮೇಜು, ವಿದ್ಯುತ್ ಒಲೆ, ಒಳ್ಳೆಯ ನೀರು ಇದ್ದರೆ ಕೋಲಾರದ ಟಿ. ಚನ್ನಯ್ಯ ರಂಗಮಂದಿರದಲ್ಲಿಯೇ ನಡೆಸಬಹುದು.